ಖಂಡೆಪ್ಪ ಸಾವಕಾರನ ಬಾಣಂತನ

ಬಸವನಬಾಗೇವಾಡಿಯ ಬಜಾರದಲ್ಲಿ ನಿಂತು ಖಂಡೆಪ್ಪ ಸಾವಕಾರನ ಅರಿವೆ ಅಂಗಡಿ ಎಲ್ಲಿ ಎಂದು ಕೇಳಿದರೆ ಹಿಂದೆಲ್ಲ ಯಾರೂ ಬಾಯಿ ತೆರೆದು ದಾರಿ ಹೇಳುತ್ತಿರಲಿಲ್ಲ. ಗದ್ದ ಎತ್ತಿ ತೋರಿಸಿದರೆ ಮುಗಿಯಿತು. ಅಂಗಡಿಗಿಂತ ಮುಂಚೆ ಸಾವಕಾರನೇ ಕಣ್ಣಿಗೆ ಬೀಳುತ್ತಿದ್ದ. ಅವನು ಗಾದಿಯ ಮೇಲೆ ಕೂತನೆಂದರೆ ಹಿಂದಿನ ಕಪಾಟು ಪೂರಾ ಮರೆ. ಸೀರೆ ನೋಡಲು ಬಂದ ಹೆಣ್ಣುಮಕ್ಕಳು, "ಸಾವಕಾರ್ರ, ತುಸು ವಾಲ್ರಿ" ಅನ್ನಬೇಕು. ಅವನು ಎಡಕ್ಕೆ ವಾಲಿದರೆ ಇಳಕಲ್ ಸೀರೆ ಕಾಣುತ್ತಿದ್ದವು, ಬಲಕ್ಕೆ ವಾಲಿದರೆ ರೇಷ್ಮೆಯವು. ನಟ್ಟನಡುವಿನ ಕಪಾಟಿನಲ್ಲಿ ಏನಿತ್ತು ಎಂಬುದು ಬಾಗೇವಾಡಿಯ ಒಂದು ತಲೆಮಾರಿಗೆ ಗೊತ್ತಾಗಲೇ ಇಲ್ಲ.

ಅವನ ಬಗ್ಗೆ ಜನ ಆಡುತ್ತಿದ್ದ ಮಾತಿನಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಅವನು ಸಂಕ್ರಮಣದ ಸ್ನಾನಕ್ಕೆ ಇಳಿದ ದಿನ ಕೆಳಗಿನ ಹಳ್ಳಿಗಳಲ್ಲಿ ಡಂಗುರ ಸಾರಿ ದನಕರುಗಳನ್ನು ದಂಡೆಯಿಂದ ಹೊಡೆದುಕೊಂಡು ಹೋಗುತ್ತಿದ್ದರಂತೆ. ಮುದ್ದೇಬಿಹಾಳದ ಬಸ್ಸಿನಲ್ಲಿ ಅವನು ಎಡಗಡೆ ಕೂತರೆ ಡ್ರೈವರು ಸ್ಟೇರಿಂಗನ್ನು ಬಲಕ್ಕೆ ಒತ್ತಿ ಹಿಡಿದೇ ನೆಟ್ಟಗಿನ ರಸ್ತೆ ದಾಟಿಸುತ್ತಿದ್ದನಂತೆ. ಇನ್ನು ಗೊರಕೆ. ಬೆಳಗಿನ ಜಾವಕ್ಕೆ ಅದು ಏರಿತೆಂದರೆ ಊರ ಹೊರಗಿನ ರೈತರು ತ್ರೀಫೇಸ್ ಕರೆಂಟು ಬಂತು, ಯಾರದೋ ಮೋಟರು ಚಾಲೂ ಆಯಿತು ಎಂದು ಗಡಬಡಿಸಿ ಎದ್ದು ಕಬ್ಬಿಗೆ ನೀರು ತಿರುವಲು ಓಡುತ್ತಿದ್ದರು.

ಇಂಥ ದೇಹ ಸುಮ್ಮನೆ ಬಂದದ್ದಲ್ಲ, ಅದಕ್ಕೊಂದು ಹುದ್ದೆ ಇತ್ತು. ಅವರ ಬಳಗದಲ್ಲಿ ಒಂದು ವಾಡಿಕೆ. ಗಂಡಿನ ಕಡೆಯವರು ಹೆಣ್ಣಿನ ಮನೆತನ ನೋಡಲು ಬಂದಾಗ ಹುಡುಗಿಯ ಸೋದರಮಾವ ಗಂಡಿನ ಕಡೆಯ ಹಿರಿಯನ ಮಗ್ಗುಲಲ್ಲಿ ಕೂತು ಸರಿಜೋಡಿಯಾಗಿ ಉಣ್ಣಬೇಕು. ಅವನ ತಾಟಿಗೊಂದು ಸೌಟು ಗೋದಿಹುಗ್ಗಿ ಬಿದ್ದರೆ ಇವನ ತಾಟಿಗೂ ಒಂದು ಸೌಟು. ಮೊದಲು "ಸಾಕ್ರಿ" ಅಂದವನ ಕಡೆಯವರು ಕೈಲಾಗದವರು ಎಂದು ತಿಳಿಯಬೇಕು. ಸ್ವಂತ ಸೋದರಮಾವನ ಹೊಟ್ಟೆ ಸಣ್ಣದಾಗಿದ್ದ ಮನೆಯವರು ಏಳು ಸುತ್ತಿನ ನಂಟು ಕೆದಕಿ ಖಂಡೆಪ್ಪನನ್ನೇ ಸೋದರಮಾವನನ್ನಾಗಿ ಮಾಡಿಕೊಂಡು ಒಯ್ಯುತ್ತಿದ್ದರು. ಹೀಗೆ ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಹುಟ್ಟಿದ ಹೆಣ್ಣುಕೂಸುಗಳಿಗೆಲ್ಲ, ಅವು ಹುಟ್ಟುವ ಮೊದಲೇ ಅವನು ಮಾವ. ಸಿಂದಗಿಯ ಒಂದು ಮನೆಯಲ್ಲಂತೂ ಬಡಿಸುವವರು ದಣಿದು ಪಾಳಿ ಬದಲಿಸಿದರು, ಅವರೂ ದಣಿದರು. ಕಡೆಗೆ ಅಡುಗೆಯವನೇ ಒಳಗಿಂದ ಬಂದು, "ಯಪ್ಪಾ, ಇನ್ನ ಕಡಾಯಿ ಅಷ್ಟ ಉಳದೈತಿ. ಅದನ್ನ ಕೇಳಬ್ಯಾಡ್ರಿ, ಬಾಡಿಗೀದು" ಎಂದು ಕೈ ಮುಗಿದ.

ಆದರೆ ಮೊಣಕಾಲಿಗೆ ಕೀರ್ತಿಯ ಹಂಗಿಲ್ಲ. ಐವತ್ತು ತುಂಬುವ ಮೊದಲೇ ಅವು ಸಂಪು ಹೂಡಿದವು. ಸಕ್ಕರೆ ಕಾಯಿಲೆ ಬಂತು. ಮೆಟ್ಟಿಲು ಹತ್ತಿದರೆ ಖಂಡೆಪ್ಪ ಮೇಲೆ ಬರುತ್ತಿದ್ದ, ಉಸಿರು ಮಾತ್ರ ಕೆಳಗೇ ಕೂತು ಹಿಂದಿನಿಂದ ಬರುತ್ತೇನೆ ಅನ್ನುತ್ತಿತ್ತು. ಸೊಲ್ಲಾಪುರದ ಡಾಕ್ಟರೊಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, ನೋಡಲು ಸಾಕಷ್ಟು ಹೊತ್ತು ಹಿಡಿದ ಮೇಲೆ, "ಹೊಟ್ಟೆಯ ಚೀಲವನ್ನೇ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸೋಣ. ಇಲ್ಲದಿದ್ದರೆ ಬಹಳ ದೀಪಾವಳಿ ಕಾಣಲಿಕ್ಕಿಲ್ಲ ನೀವು" ಎಂದರು. ಖಂಡೆಪ್ಪ ಹೆಂಡತಿ ಸುನಂದಾಳ ಕಡೆ ನೋಡಿದ. ಅವಳು ಎರಡನೇ ಯೋಚನೆ ಇಲ್ಲದೆ, "ಮಾಡಿಸ್ರಿ" ಅಂದಳು. ಅರಿವೆ ಖರೀದಿಗೆ ಹೊರಟೆನೆಂದು ಊರಿಗೆಲ್ಲ ಹೇಳಿ ಹೋದವನು ಹೊಟ್ಟೆಯನ್ನು ಸೊಲ್ಲಾಪುರದಲ್ಲಿ ಬಿಟ್ಟು ಬಂದ.

ಇದು ಹೊರಗೆ ಯಾರಿಗೂ ತಿಳಿಯಬಾರದೆಂದು ಅವನ ಕಟ್ಟಪ್ಪಣೆ. ಬೇನೆ ಬಂದು ಸೊರಗಿದರೆ ಅದಕ್ಕೊಂದು ಮರ್ಯಾದೆ ಇದೆ. "ತಿಂದೂ ತಿಂದೂ ಹೊಟ್ಟಿ ಕೊಯ್ಸಿಕೊಂಡ" ಅನ್ನಿಸಿಕೊಳ್ಳುವುದಕ್ಕೆ ಯಾವ ಮರ್ಯಾದೆ? ಗುಟ್ಟು ಗೊತ್ತಿದ್ದದ್ದು ಸುನಂದಾಳಿಗೆ ಮತ್ತು ಅವನ ಅವ್ವ ಚನ್ನವ್ವನಿಗೆ.

ಚನ್ನವ್ವ ತನ್ನ ಕಾಲದಲ್ಲಿ ಓಣಿಯ ಬಾಣಂತಿಯರಿಗೆಲ್ಲ ಎರೆದು, ಕಟ್ಟಿ, ಕಾಯಿಸಿ ದಾಟಿಸಿದವಳು. ಹೊಟ್ಟೆಗೆ ಸಂಬಂಧಿಸಿದಂತೆ ಅವಳಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಮಗ ಬಾಗಿಲಲ್ಲಿ ಇಳಿದ ಕ್ಷಣವೇ ಅವಳು ತೀರ್ಪು ಕೊಟ್ಟಳು.

"ಹೊಟ್ಟಿ ಕೊಯ್ದಾರ ಹೌದಿಲ್ಲೋ? ಒಳಗಿಂದು ಹೊರಗ ತಗದಾರ ಹೌದಿಲ್ಲೋ? ಅಂದಮ್ಯಾಲ ಇದು ಬಾಣಂತನನ. ನಡಿ, ಒಳಗ ಮಲಕೋ."

"ಯವ್ವಾ, ನಾ ಗಣಮಗ ಅದೇನಿ ಬೇ!"

"ಗಣಮಗ ಅಂದ್ರ ಥಂಡಿ ಬಿಡತೈತೇನು? ಕಿವಿ ಮುಚ್ಚಕೋ ಮೊದಲ."

ಕಿವಿಗೆ ಅರಿವೆ ಬಂತು. ಹೊರಸಿನ ಕೆಳಗೆ ಅಜವಾನ ಮತ್ತು ಬಳ್ಳೊಳ್ಳಿ ಸಿಪ್ಪೆಯ ಹೊಗೆ ಬಂತು. ಸಡಿಲಾಗಿ ಜೋತುಬಿದ್ದ ಹೊಟ್ಟೆಯ ತೊಗಲನ್ನು ಅವಳು ತನ್ನ ಹಳೆಯ ಇಳಕಲ್ ಸೀರೆಯಿಂದ ಬಿಗಿದು ಕಟ್ಟಿದಳು. ಖಂಡೆಪ್ಪ ಕೂಗಾಡಿದ, ಆದರೆ ಮೆಲ್ಲಗೆ, ಯಾಕೆಂದರೆ ಕಿಡಕಿ ತೆರೆದಿತ್ತು. ಮಜಾ ಏನೆಂದರೆ, ಕೊಬ್ಬು ಕರಗಿದ ಮೈಗೆ ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಚಳಿ ಹತ್ತುತ್ತಿತ್ತು, ಆ ಹೊಗೆ ಹಿತವಾಗಿತ್ತು. ಡಾಕ್ಟರು ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ ಉಣ್ಣಿ ಅಂದಿದ್ದರು. ಚನ್ನವ್ವನೂ ಬಟ್ಟಲದಲ್ಲಿ ತುಸು ತುಸುವೇ ತಂದಿಡುತ್ತಿದ್ದಳು. ಹಾಗೆಂದು ಅವಳ ವಿದ್ಯೆಯೆಲ್ಲ ಸರಿಹೋಯಿತು ಅಂತಲ್ಲ. ಬಾಣಂತಿಗೆ ಶಕ್ತಿ ಬರಲೆಂದು ತುಪ್ಪದಲ್ಲಿ ಮುಳುಗಿಸಿದ ಅಳವಿ ಉಂಡಿಯೊಂದನ್ನು ಬಾಯಿಗೆ ತುರುಕಿದ ದಿನ ಖಂಡೆಪ್ಪನ ಎದೆ ಡೊಳ್ಳು ಬಾರಿಸಿತು, ಮೈ ಬೆವರಿನಲ್ಲಿ ತೋಯ್ದು ಹೋಯಿತು, ಕಣ್ಣು ಮೇಲಾದವು. ಅಂದಿನಿಂದ ಸಿಹಿ ಮತ್ತು ತುಪ್ಪ ಆ ಹೊರಸಿನ ಹತ್ತಿರ ಸುಳಿಯಲಿಲ್ಲ.

ಮುಂದೆ ತಲೆಗೂದಲು ಉದುರತೊಡಗಿದಾಗ ಅವನು ಕನ್ನಡಿ ಮುಂದೆ ಅಳುವ ಹಾಗಾದ. ಚನ್ನವ್ವ ತಲೆ ಸವರಿ, "ಬಾಣಂತೇರ್ದು ಉದರೂದ. ಕೂಸು ಅವ್ವನ ಗುರತ ಹಿಡಿಯೂ ಮುಂದ ಉದರತಾವ" ಅಂದಳು.

"ಇಲ್ಲಿ ಕೂಸೆಲ್ಲೈತಿ ಬೇ?"

"ನೀನ ಅದೀಯಲ್ಲೋ, ಹುಚ್ಚಪ್ಪ."

ಹೀಗೆ ಖಂಡೆಪ್ಪ ತನ್ನ ಬಾಣಂತನದಲ್ಲಿ ತಾನೇ ಬಾಣಂತಿ, ತಾನೇ ಕೂಸು ಆದ. ಮೊಣಕಾಲು ಸಂಪು ಬಿಟ್ಟವು, ಸಕ್ಕರೆ ಇಳಿಯಿತು, ಉಸಿರು ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿ ಮೇಲೆ ಕಾಯತೊಡಗಿತು. ದೇಹಕ್ಕೆ ಸುಖ. ಫಜೀತಿ ಶುರುವಾದದ್ದು ದೇಹದ ಮಾಲೀಕನಿಗೆ.

ಅಂಗಡಿಗೆ ಹೋದರೆ ಗಾದಿಯಲ್ಲಿ ಹಳೆಯ ಖಂಡೆಪ್ಪ ಕೂತು ಕೂತು ಬಿದ್ದ ತಗ್ಗು ಹಾಗೆಯೇ ಇತ್ತು. ಹೊಸ ಖಂಡೆಪ್ಪ ಅದರೊಳಗೆ ಇಳಿದರೆ ತಲೆಯಷ್ಟೇ ಮೇಲೆ. ಗಿರಾಕಿಗಳು ಬಂದು, "ತಮ್ಮಾ, ಸಾವಕಾರ್ರು ಎಲ್ಲಿ ಹೋಗ್ಯಾರ?" ಎಂದು ಅವನನ್ನೇ ಕೇಳುತ್ತಿದ್ದರು. ಒಂದೆರಡು ಸಲ ಅವನೂ ಬೇಸತ್ತು, "ಊಟಕ್ಕ ಹೋಗ್ಯಾರ್ರಿ" ಅಂದು ಕಳಿಸಿದ. ದೇಹ ಹೋದರೂ ದೇಹದ ರೂಢಿ ಹೋಗಿರಲಿಲ್ಲ. ಬಾಗಿಲು ಬಂದರೆ ಈಗಲೂ ಮಗ್ಗುಲಾಗಿ ತಿರುಗಿ ನುಗ್ಗುತ್ತಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಕೈ ಮುಗಿದು, "ತುಸು ಸರೀರಿ" ಅನ್ನುತ್ತಿದ್ದ. ಅವರು ಸರಿದರೆ ನಡುವೆ ಇನ್ನೊಬ್ಬರು ಬಂದು ಕೂಡುತ್ತಿದ್ದರು. ಇತ್ತ ಮನೆಯಲ್ಲಿ ಸುನಂದಾಳಿಗೆ ನಿದ್ದೆ ಹೋಯಿತು. ಮದುವೆಯಾದಂದಿನಿಂದ ಆ ಮೋಟರಿನ ಸಪ್ಪಳದಲ್ಲೇ ಮಲಗಿದವಳು ಆಕೆ. ಈಗ ಮಗ್ಗುಲಲ್ಲಿ ಸದ್ದಿಲ್ಲ. ಮೇಲಿಂದ ಮೇಲೆ ಅಲುಗಿಸಿ, "ಏನ್ರೀ, ಅದೀರೇನು?" ಎಂದು ಕೇಳುತ್ತಿದ್ದಳು. ಅವನು "ಅದೇನಿ" ಅಂದ ಮೇಲೆಯೇ ಕಣ್ಣು ಮುಚ್ಚುತ್ತಿದ್ದಳು.

ದಪ್ಪಗಿದ್ದಾಗ, "ಸಾವಕಾರ್ರ, ತುಸು ಇಳಸ್ರಿ, ಜೀವಕ್ಕ ಚಲೋ ಅಲ್ಲ" ಅನ್ನುತ್ತಿದ್ದ ಮಂದಿಯೇ ಈಗ, "ಸಾವಕಾರ್ರ, ತುಸು ಉಣ್ರಿ, ಜೀವಕ್ಕ ಚಲೋ ಅಲ್ಲ" ಅನ್ನತೊಡಗಿದರು. ಮಾತು ಅದೇ, ಮುಖವೂ ಅದೇ, ಚಹಾ ಕೂಡ ಅವನ ಖರ್ಚಿನದೇ.

ಇದನ್ನೆಲ್ಲ ನಕ್ಕು ಹೊಟ್ಟೆಗೆ ಹಾಕಿಕೊಳ್ಳೋಣವೆಂದರೆ ಹೊಟ್ಟೆಯಲ್ಲಿ ಜಾಗವಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಬಸ್‌ಸ್ಟ್ಯಾಂಡಿನ ಬಸಣ್ಣನ ಭಜಿ ಅಂಗಡಿ. ಸಂಜೆಯಾದರೆ ಅಲ್ಲಿ ಅವನದೊಂದು ಬೈಠಕ್ಕಿತ್ತು. ಹಳೆಯ ಗೆಳೆಯರು, ಬಿಸಿ ಮಿರ್ಚಿ, ಊರ ಸುದ್ದಿ. ಆಪರೇಷನ್ನಾದ ಮೇಲೆ ಮೊದಲ ಸಲ ಹೋದಾಗ ಅವನು ಒಂದು ಮಿರ್ಚಿಯ ತುದಿ ಮುರಿದು ಬಹಳ ಹೊತ್ತು ಅಗಿದ. ಎದುರಿಗೆ ಕೂತವರು ತಿನ್ನಲೋ ಬಿಡಲೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಗೆ ಬರಲಿಲ್ಲ, ಸುದ್ದಿ ಬರಲಿಲ್ಲ, ಮಿರ್ಚಿ ಆರಿ ಹೋದವು. ಎರಡನೇ ವಾರಕ್ಕೆ ಬೈಠಕ್ಕು ಅವನಿಗೆ ಹೇಳದೆ ಬೇರೆ ಅಂಗಡಿಗೆ ಹೋಯಿತು. ಖಂಡೆಪ್ಪ ಒಬ್ಬನೇ ಕೂತು ಎಣ್ಣೆಯ ವಾಸನೆ ಕುಡಿದು ಎದ್ದು ಬಂದ. ಬಸಣ್ಣ, "ಇರ್ಲಿ ಬಿಡ್ರಿ, ವಾಸನೀಗೆ ರೊಕ್ಕ ತಗೊಳಂಗಿಲ್ಲ" ಅಂದ. ತಮಾಷೆಗೇ ಅಂದದ್ದು. ಆದರೂ ಖಂಡೆಪ್ಪ ಮನೆಯವರೆಗೆ ತಲೆ ಎತ್ತದೆ ನಡೆದ. ಹಸಿವು ಹೊಟ್ಟೆಯಲ್ಲಿರುತ್ತದೆಂದು ಡಾಕ್ಟರು ಅದನ್ನು ಕತ್ತರಿಸಿದ್ದರು. ಅವನ ಹಸಿವು ಕೈಯಲ್ಲಿತ್ತು. ರೊಟ್ಟಿ ಮುರಿಯುವ ಕೈ, ಪಕ್ಕದವನ ತಾಟಿಗೆ ಚಟ್ನಿ ನೂಕುವ ಕೈ. ಅದನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇತ್ತ ಸುದ್ದಿ ಬಸ್ಸು ಹತ್ತಿತು. ನಮ್ಮ ಕಡೆಯ ಸುದ್ದಿಗೆ ಒಂದು ಗುಣ, ತಾಲೂಕು ದಾಟಿದಂತೆ ಮೈ ತುಂಬಿಕೊಳ್ಳುತ್ತದೆ. ಬಾಗೇವಾಡಿಯಲ್ಲಿ, "ಸಾವಕಾರ್ಗ ಸಕ್ಕರಿ ಭಾಳ ಆಗೈತಿ" ಎಂದಿತ್ತು. ಹೂವಿನ ಹಿಪ್ಪರಗಿಗೆ ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಹೋಗಿದ್ದವು. ಸಿಂದಗಿಯಲ್ಲಿ, ಸೊಲ್ಲಾಪುರದಲ್ಲಿ ಅವನಿಗೊಂದು ಸಣ್ಣ ಮನೆ ಇದೆ, ಆ ಚಿಂತೆಗೇ ಕರಗಿದ್ದಾನೆ ಎಂದರು. ಇಂಡಿಗೆ ಹೋದ ಸುದ್ದಿಯಲ್ಲಿ ಅವನು ಸತ್ತು, ತಿಥಿಯ ದಿನವೂ ಆಗಿ, ಊಟ ಮಾತ್ರ ಸುಮಾರಾಗಿತ್ತು.

ಬೇರೆ ಊರಿನಲ್ಲಿ ಸತ್ತಿದ್ದರೆ ಚಿಂತೆ ಇರಲಿಲ್ಲ. ಇಂಡಿಯಲ್ಲಿ ಸಾಯುವಂತಿರಲಿಲ್ಲ, ಯಾಕೆಂದರೆ ಅಲ್ಲಿ ಸೊಸೆಯ ಸಂಬಂಧ ನಡೆದಿತ್ತು. ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಅವನ ತಂಗಿ ಜಯಮಾಲಾಳ ಒಬ್ಬಳೇ ಮಗಳು ದಾನೇಶ್ವರಿ. ಏಳು ಸುತ್ತಿನ ನಂಟಿನದಲ್ಲ, ಸ್ವಂತ ಸೋದರಸೊಸೆ, ಅವನ ತೋಳ ಮೇಲೆ ಬೆಳೆದ ಹುಡುಗಿ. ಹುಡುಗ ಚೇತನಕುಮಾರ ಇಂಡಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ್ದರು, ಜಾತಕ ಒಪ್ಪಿತ್ತು, ಲಿಂಬೆಹಣ್ಣಿನ ವ್ಯಾಪಾರಿಯಾದ ಹುಡುಗನ ಕಾಕಾ ಬಸಂತರಾಯ ಕೂಡ ಒಪ್ಪಿದ್ದ. ಅಷ್ಟರಲ್ಲಿ ಈ ಸುದ್ದಿ.

ಜಯಮಾಲಾ ಫೋನಿನಲ್ಲಿ ಅತ್ತಳು. "ಅಣ್ಣಾ, ಅವರು ಏನ್ ಅಂತಾರ ಗೊತ್ತೈತೇನು? ಹುಡುಗಿ ಸೋದರಮಾವ ಮೇಣದಬತ್ತಿ ಕರಗಿದಂಗ ಕರಗ್ಯಾನಂತ, ಮನಿತನದಾಗ ಏನೋ ದೊಡ್ಡ ರೋಗ ಐತಂತ, ನಾಳೆ ಹುಡುಗಿನೂ ಕರಗಿದ್ರ ಏನ್ ಮಾಡೂದು ಅಂತಾರ. ನಿನ್ನ ಸಂಗಾಟ ಕುಂತು ಉಂಡ ಮ್ಯಾಲನ ಸಕ್ಕರಿ ಹಂಚೂದು, ಇಲ್ಲಂದ್ರ ಇಲ್ಲ ಅಂದಾರ."

ಸಕ್ಕರೆ ಹಂಚಿದರೆ ಸಂಬಂಧ ಗಟ್ಟಿ. ಒಟ್ಟಿನಲ್ಲಿ ಹುಡುಗಿಯ ಮದುವೆ ಬಂದು ಮಾವನ ಬಾಳೆಹಣ್ಣಿನಷ್ಟು ಹೊಟ್ಟೆಯ ಮೇಲೆ ಕೂತಿತು.

"ಖರೇನ ಹೇಳಿಬಿಡ್ರಿ" ಎಂದಳು ಸುನಂದಾ.

ದಾನೇಶ್ವರಿಯೂ ಫೋನು ಕಸಿದುಕೊಂಡು, "ಮಾಮಾ, ಆಪರೇಷನ್ ಮಾಡ್ಸಿಕೊಂಡಾವ್ರು ಕಳವು ಮಾಡ್ಯಾರೇನ್ರಿ? ಹೇಳಿಬಿಡ್ರಿ" ಅಂದಳು. ಅವಳಿಗೆ ಅತ್ತೆ ಸುನಂದಾಳೇ ಹೇಳಿದ್ದಳು. ಗುಟ್ಟು ಗಟ್ಟಿಯಾಗಿರಬೇಕೆಂದರೆ ಇಬ್ಬರು ಹೆಂಗಸರ ಮೇಲೆ ಭಾರ ಹಾಕಬೇಕು, ಮೂರನೆಯವಳು ತಾನಾಗಿಯೇ ಬರುತ್ತಾಳೆ.

ಖಂಡೆಪ್ಪ ಕೇಳಲಿಲ್ಲ. ಇಪ್ಪತ್ತು ಪಂಕ್ತಿ ಗೆದ್ದ ಮಾವ, ಸ್ವಂತ ಸೊಸೆಯ ಪಂಕ್ತಿಯಲ್ಲಿ ಹೊಟ್ಟೆ ಇಲ್ಲ ಎಂದು ಕೈ ಎತ್ತುವುದೇ? ಸೀದಾ ಎದ್ದು ಎದುರಿನ ದರ್ಜಿ ರಹಿಮಾಬಿಯ ಮಷೀನಿನ ಮುಂದೆ ನಿಂತ. ಅವನ ಅಂಗಿಗಳನ್ನು ತಿಂಗಳು ತಿಂಗಳು ಒಳಗೆ ಹಿಡಿದು ಹಿಡಿದು ಹೊಲಿದವಳು ಅವಳೇ. ಒಂದು ಹಳೆಯ ಅಂಗಿಯಲ್ಲಿ ಅವನಿಗೊಂದು ಹೊಸ ಅಂಗಿ, ಮೇಲೆ ತನ್ನ ಮೊಮ್ಮಕ್ಕಳಿಗೆಲ್ಲ ಸಾಲಿಗೆ ಒಯ್ಯುವ ಪಾಟಿಚೀಲ, ಇನ್ನೂ ಉಳಿದ ತುಂಡಿನಲ್ಲಿ ಮಷೀನಿಗೆ ಹೊದಿಕೆ ತೆಗೆದಿದ್ದಳು.

"ರಹಿಮಾಬಿ, ನನ್ನ ಹಳೇ ಹೊಟ್ಟಿ ಹೊಲದು ಕೊಡು."

ರಹಿಮಾಬಿ ಮಷೀನು ನಿಲ್ಲಿಸಿದಳು. "ಸಾವಕಾರ್ರ, ಇಷ್ಟ ವರ್ಷ ಮಂದಿ ಹೊಟ್ಟಿ ಮುಚ್ಚಾಕ ಹೊಲಸಿಕೊಂಡಾರ. ಹೊಟ್ಟಿನ ಹೊಲಸಿಕೊಳ್ಳಾವ್ರು ನೀವ ಮೊದಲಿಗ್ರು."

"ನಗಬ್ಯಾಡ. ಹುಡುಗಿ ಬಾಳೇವ ಐತಿ."

ಹುಡುಗಿಯ ಹೆಸರು ಬಂದ ಮೇಲೆ ರಹಿಮಾಬಿ ನಗಲಿಲ್ಲ. ಹಳೆಯ ಅಂಗಿಯೊಂದನ್ನು ಹರವಿ ಅಳತೆ ನೋಡಿದಳು. ಇಷ್ಟು ಹೊಟ್ಟೆ ತುಂಬಲು ಹತ್ತಿ ಸಾಲದು, ಜಿನ್ನಿಂಗ್ ಫ್ಯಾಕ್ಟರಿಯೇ ಬೇಕಾದೀತು ಅಂದಳು. ಕಡೆಗೆ ಮನೆಯ ಕೌದಿಯೇ ಗತಿಯಾಯಿತು. ಚನ್ನವ್ವ ಮನೆಯವರ ಹಳೆಯ ಸೀರೆ ಅರಿವೆಗಳನ್ನೆಲ್ಲ ಕೂಡಿಸಿ ಹೊಲಿದಿದ್ದ ದಪ್ಪ ಕೌದಿ. ಅದನ್ನು ಮಡಚಿ, ಬೆನ್ನಿಗೆ ಲಾಡಿ ಹಚ್ಚಿ, ಮುಂದೆ ಗುಂಡಗೆ ಮಾಡಿ ಕೊಟ್ಟಳು. ಅದರ ಮೇಲೆ ಹಳೆಯ ನೆಹರೂ ಶರ್ಟು ಹಾಕಿಕೊಂಡು ನೋಡಿದರೆ ಕೊರಳ ಕೆಳಗೆ ಪೂರಾ ಹಳೆಯ ಖಂಡೆಪ್ಪ. ಕೊರಳ ಮೇಲೆ ಮಾತ್ರ ಹೊಸಬ. ನೀರಿನ ಹರವಿಯ ಮೇಲೆ ಸೌಟು ಇಟ್ಟ ಹಾಗೆ ಕಾಣುತ್ತಿದ್ದ.

"ಮಾರಿ ಏನ್ ಮಾಡೂದ್ರಿ?" ಕೇಳಿದಳು ರಹಿಮಾಬಿ.

"ಮಾರಿ ಯಾರ್ ನೋಡ್ತಾರ? ಪಂಕ್ತ್ಯಾಗ ತಾಟ ನೋಡ್ತಾರ."

ಮೇ ತಿಂಗಳ ಬಿಸಿಲು. ಕಾಗೆಗಳು ಕೂಡ ಹಾರುವುದನ್ನು ಬಿಟ್ಟು ನೆರಳು ಹಿಡಿದು ನಡೆದು ಹೋಗುತ್ತಿದ್ದ ದಿನ. ಮುದ್ದೇಬಿಹಾಳದಲ್ಲಿ ಜಯಮಾಲಾಳ ಮನೆಯ ಪಡಸಾಲೆಯಲ್ಲಿ ಖಂಡೆಪ್ಪ ಹೊಟ್ಟೆಗೆ ಕೌದಿ ಕಟ್ಟಿಕೊಂಡು ಇಂಡಿಯವರನ್ನು ಇದಿರುಗೊಂಡ. ಜೀಪು ಬಂತು. ಬಸಂತರಾಯ ಇಳಿದ ಕೂಡಲೇ ಜೀಪು ಒಂದು ಗೇಣು ಮೇಲೆದ್ದಿತು. ಅವನನ್ನು ಕಂಡು ಖಂಡೆಪ್ಪನಿಗೆ ಹೊಟ್ಟೆಕಿಚ್ಚಾಯಿತು, ತನ್ನದೇ ಹಳೆಯ ಹೊಟ್ಟೆ ಬೇರೆಯವನು ಹೊತ್ತುಕೊಂಡು ಬಂದ ಹಾಗೆ.

"ನಮಸ್ಕಾರ್ರಿ ಬೀಗರ. ನಿಮ್ಮ ಹೆಸರ ಭಾಳ ಕೇಳಿದ್ವಿ" ಎಂದ ಬಸಂತರಾಯ. "ನಮ್ಮ ಇಂಡ್ಯಾಗ ನೀವು ಸತ್ತೀರಿ ಅಂತ ಸುದ್ದಿ ಇತ್ರಿ."

"ಒಮ್ಮೆ ಇಂಡಿಗೆ ಬಂದು ನೋಡಿಕೊಂಡು ಹೋಗ್ತೇನ್ರಿ" ಎಂದ ಖಂಡೆಪ್ಪ. ಪಡಸಾಲೆ ನಕ್ಕಿತು. ಜಯಮಾಲಾಳ ಜೀವ ತುಸು ಕೆಳಗಿಳಿಯಿತು.

ಪಂಕ್ತಿ ಬಿತ್ತು. ಬಸಂತರಾಯ ಮತ್ತು ಖಂಡೆಪ್ಪ ಮಗ್ಗುಲಿಗೆ ಮಗ್ಗುಲು, ಎದುರಿಗೆ ಹುಡುಗ ಮತ್ತು ಅವನ ಕಡೆಯವರು. ಹೆಂಗಸರು, ಬಾಗೇವಾಡಿಯಿಂದ ಬಂದ ಸುನಂದಾ ಮತ್ತು ಚನ್ನವ್ವ ಕೂಡ, ಒಳಬಾಗಿಲಲ್ಲಿ. ಮೊದಲ ಸೌಟು ಹುಗ್ಗಿ ಎರಡೂ ತಾಟಿಗೆ ಬಿತ್ತು, ಮೇಲೆ ತುಪ್ಪ. ಖಂಡೆಪ್ಪ ಹುಗ್ಗಿಯನ್ನು ತಾಟಿನ ತುಂಬ ಹರಡಿ, ತಿಂದಷ್ಟು ಕಾಣುವ ಹಾಗೆ ಅಂಚಿಗೆ ಒತ್ತಿದ. ಬಡಿಸುವವನು ಬಿಡಬೇಕಲ್ಲ. "ಮಾಮಾರು ನಾಚಾಕತ್ತಾರ" ಎಂದು ಎರಡನೇ ಸೌಟು ಹಾಕಿದ. ಇಂಡಿಯವರ ಕಣ್ಣೆಲ್ಲ ಅವನ ಕೈಯ ಮೇಲೆ. ಸಣ್ಣ ತುತ್ತೊಂದು ಒಳಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಗಂಟಲಲ್ಲೇ ನಿಂತು, ಮುಂದೆ ಜಾಗವಿಲ್ಲ ಎಂದು ಹಿಂದಿರುಗಿ ನೋಡಿತು.

ಆ ಸಂಕಟದಲ್ಲೂ ಖಂಡೆಪ್ಪನ ಪಳಗಿದ ಕಣ್ಣಿಗೆ ಒಂದು ಸಂಗತಿ ಕಂಡಿತು. ಬಸಂತರಾಯನ ಕೈ ಕೂಡ ತಡವರಿಸುತ್ತಿತ್ತು. ತುತ್ತಿಗೊಮ್ಮೆ ಉಸಿರು ಎಳೆಯುತ್ತಿದ್ದ. ಹಸಿದು ಉಣ್ಣುವವನ ಕೈ ಅದಲ್ಲ, ಬಂದೋಬಸ್ತಿಗೆ ನಿಂತ ಪೊಲೀಸಪ್ಪನ ಹಾಗೆ ಡ್ಯೂಟಿ ಮಾಡುವವನ ಕೈ.

"ಏನ್ರಿ ಬೀಗರ, ಸಾಕೇನು?" ಬಸಂತರಾಯ ಕೇಳಿದ.

"ಸಾಕು ಅನ್ನೂದು ನಮ್ಮ ಮನ್ಯಾಗ ಯಾರಿಗೂ ಕಲಿಸಿಲ್ರಿ" ಎಂದ ಖಂಡೆಪ್ಪ. ನಾಲ್ಕನೇ ತುತ್ತು ನುಂಗಿದ.

ಅಲ್ಲಿಗೆ ಮುಗಿಯಿತು. ಎದೆಯಲ್ಲಿ ಡೊಳ್ಳು ಶುರುವಾಯಿತು. ಕೌದಿಯ ಒಳಗೆ ಬೆವರು ಕಾಲುವೆ ಕಟ್ಟಿತು, ಮುಳವಾಡದ ಕೆನಾಲಿನಲ್ಲಿ ಕೂಡ ಆ ರಭಸ ಯಾರೂ ಕಂಡಿರಲಿಕ್ಕಿಲ್ಲ. ತಾಟು ಎರಡಾಯಿತು, ಬಸಂತರಾಯ ಇಬ್ಬರಾದರು, ಪಡಸಾಲೆ ಒಂದು ಸುತ್ತು ತಿರುಗಿತು. ಖಂಡೆಪ್ಪ ಮಗ್ಗುಲಿಗೆ ವಾಲಿದ, ಈ ಸಲ ಸೀರೆ ತೋರಿಸಲು ಅಲ್ಲ.

ಸುನಂದಾ ಓಡಿಬಂದು ಅಂಗಿಯ ಗುಂಡಿ ಬಿಚ್ಚಿದಳು. ಲಾಡಿ ಹರಿಯಿತು. ಹೊಟ್ಟೆ ಕಳಚಿ ಪಂಕ್ತಿಯ ನಡುವೆ ಉರುಳಿ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಚನ್ನವ್ವನ ಹಸಿರು ದಡಿ, ಜಯಮಾಲಾಳ ಸಾಲಿಯ ಲಂಗ, ದಾನೇಶ್ವರಿಯ ತೊಟ್ಟಿಲಿನ ಅರಿವೆ, ಮನೆತನದ ಮೂರು ತಲೆಮಾರು ಇಂಡಿಯವರ ತಾಟಿನ ಮುಂದೆ ಹಾಸಿಕೊಂಡಿತು.

"ಯವ್ವಾ, ಅವರ ಹೊಟ್ಟ್ಯಾಗಿಂದ ಹಾಸಿಗಿ ಬಂತ!" ಎಂದು ಇಂಡಿಯ ಕಡೆಯ ಮುದುಕಿಯೊಬ್ಬಳು ಚೀರಿದಳು.

ಮನೆತನ ನೋಡಲು ಬಂದವರು ನೋಡಬೇಕಾದ್ದಕ್ಕಿಂತ ಹೆಚ್ಚೇ ನೋಡಿದ್ದರು. ಜಯಮಾಲಾ ಸೆರಗು ಬಾಯಿಗಿಟ್ಟುಕೊಂಡಳು. ಆಗ ಒಳಬಾಗಿಲಿನಿಂದ ಚನ್ನವ್ವ ಕೋಲೂರಿಕೊಂಡು ಬಂದಳು.

"ಏನ್ ಮಂದಿ ಅದೀರಿ ನೀವು? ಬಾಣಂತಿಗೆ ತುಪ್ಪಾ ಹುಗ್ಗಿ ಹಾಕಿ ಒತ್ತಾಯ ಮಾಡ್ತಾರೇನು? ಒಮ್ಮೆ ನಾನೂ ತುಪ್ಪದ ಉಂಡಿ ತಿನಿಸಿ ಹೆಣಾ ಮಾಡಿದ್ದೆ ಇವನ್ನ. ಸೊಲ್ಲಾಪುರದಾಗ ಹೊಟ್ಟಿ ಕೊಯ್ಸಿಕೊಂಡು ಬಂದಾನ, ಹಸೀ ಮೈ! ರೋಗಿಲ್ಲ ರುಜಿನಿಲ್ಲ, ತಿನ್ನೂದು ಹೆಚ್ಚಾಗಿತ್ತು, ಹೊಟ್ಟಿ ಕಡಿಮಿ ಮಾಡ್ಸ್ಯಾನ. ಗಾಳಿ ಬಂದ್ ಮಾಡ್ರಿ ಮೊದಲ!"

ಯಾರೋ ಒಬ್ಬರು ಫ್ಯಾನು ಆರಿಸಿದರು. ಆಮೇಲೆ ನಡೆದದ್ದು ನೋಡುವಂತಿತ್ತು. ಹೊಟ್ಟೆ ಕತ್ತರಿಸಿಕೊಂಡ ಗಂಡಸಿಗೆ ಏನು ಮಾಡಬೇಕೆಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಣಂತಿಗೆ ಏನು ಮಾಡಬೇಕೆಂಬುದು ಮಾತ್ರ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇಂಡಿಯ ಮುದುಕಿ ತನ್ನ ಸೆರಗಿನಿಂದಲೇ ಅವನ ಬೆವರು ಒರೆಸಿದಳು. ಇನ್ನೊಬ್ಬಳು ತಲೆದಿಂಬು ತಂದಳು. ದಾನೇಶ್ವರಿ ಅವನ ಕಿವಿಗೆ ಅರಿವೆ ಸುತ್ತಿದಳು. ಗಣಿತದ ಮಾಸ್ತರ ಚೇತನಕುಮಾರ ಎದ್ದು, ಏನೂ ತೋಚದೆ, ಬಾಗಿಲಲ್ಲಿ ಇಣುಕುತ್ತಿದ್ದ ಗಂಡಸರನ್ನು, "ಹೊರಗ ನಡೀರಿ, ಹೊರಗ ನಡೀರಿ" ಎಂದು ಅಟ್ಟಿದ, ತಾನೂ ಗಂಡಸೇ ಎಂಬುದನ್ನು ಮರೆತು. ಮೊದಲು ನಕ್ಕವಳು ದಾನೇಶ್ವರಿ. ಅವಳ ನಗೆ ಕೇಳಿ ಮುದುಕಿ ನಕ್ಕಳು. ಮುದುಕಿ ನಕ್ಕ ಮೇಲೆ ಇಡೀ ಪಡಸಾಲೆ ಉರುಳಾಡಿ ನಕ್ಕಿತು. ಮಲಗಿದಲ್ಲಿಂದಲೇ ಖಂಡೆಪ್ಪನೂ ನಕ್ಕ. ಪಂಕ್ತಿಯ ನಡುವೆ ಕೂತು ನಕ್ಕು ಎಷ್ಟು ದಿನವಾಗಿತ್ತೋ.

ನಗದವನು ಬಸಂತರಾಯ ಒಬ್ಬನೇ. ತಾಟಿನಲ್ಲಿ ಹುಗ್ಗಿ ಇರುವಾಗಲೇ ಅವನು ಕೈ ತೊಳೆದುಕೊಂಡು ಎದ್ದ. ನಗೆ ಹಾಗೇ ಇಂಗಿಹೋಯಿತು. ಜಯಮಾಲಾಳ ಮುಖ ಬೂದಿಯಾಯಿತು.

"ಬೀಗರ, ಎದ್ದು ತುಸು ಹಿತ್ತಲಕ ಬರ್ತೀರೇನು?"

ಹಿತ್ತಲ ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತರು, ಕಿವಿಗೆ ಅರಿವೆ ಕಟ್ಟಿಕೊಂಡವನೊಬ್ಬ, ಏದುಸಿರು ಬಿಡುವವನೊಬ್ಬ. ಬಸಂತರಾಯ ಹಿಂದೆ ಮುಂದೆ ನೋಡಿ ದನಿ ಇಳಿಸಿದ.

"ಖರೇ ಹೇಳ್ರಿ. ನೋವು ಭಾಳ ಆಕ್ಕೈತೇನ್ರಿ?"

ಖಂಡೆಪ್ಪ ಅವನ ಮುಖ ನೋಡಿದ. ಸುಳ್ಳು ಹೇಳಲು ಹೊಟ್ಟೆ ಬೇಕು, ಅದು ಒಳಗೆ ಪಡಸಾಲೆಯಲ್ಲಿ ಹಾಸಿ ಬಿದ್ದಿತ್ತು.

"ಕೊಯ್ದದ್ದು ಜಲ್ದಿ ಮಾಯತೈತ್ರಿ. ಮಂದಿ ಉಣ್ಣೂ ಮುಂದ ನಾವು ಸುಮ್ಮ ಕುಂಡ್ರೂದು ಐತಲ್ಲ, ಅದರದು ಮಾಯವಲ್ದು. ಗೆಳ್ಯಾರು ಅಂಗಡಿ ಬದಲ ಮಾಡ್ಯಾರ."

ಬಸಂತರಾಯ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. "ನನಗೂ ಡಾಕ್ಟರು ಹೇಳಿ ವರ್ಷ ಆತ್ರಿ. ಮನ್ಯಾಗ ಹೇಳಿಲ್ಲ. ಈ ಹೊಟ್ಟಿ ಇಲ್ಲಂದ್ರ ಇಂಡಿ ಬಜಾರದಾಗ ನನ್ನ ಯಾರ್ ಗುರತ ಹಿಡೀತಾರ್ರಿ? ಇವತ್ತ ನೀವು ಬೀಳಲಿಲ್ಲಂದ್ರ ಇನ್ನೊಂದು ಸೌಟಿಗೆ ನಾನ ಬೀಳಾಂವ ಇದ್ದೆ."

"ಡಾಕ್ಟರ ಹೆಸರು ಕೊಡ್ತೇನಿ. ಛಲೋ ಮನಷ್ಯಾ."

"ಡಾಕ್ಟರ್ ಸಿಗ್ತಾರ ಬಿಡ್ರಿ." ಬಸಂತರಾಯನ ದನಿ ಸಣ್ಣದಾಯಿತು. ಅಷ್ಟು ದೊಡ್ಡ ಮೈಯಲ್ಲಿ ಅಷ್ಟು ಸಣ್ಣ ದನಿ ಎಲ್ಲಿ ಅಡಗಿತ್ತೋ. "ನನ್ನವ್ವ ಹೋಗಿ ಭಾಳ ವರ್ಷ ಆದುವು. ಆಮ್ಯಾಲ ನನಗ ಬಾಣಂತನ ಯಾರ್ ಮಾಡ್ತಾರ್ರಿ?"

ಹಿಂದಿನಿಂದ ಕೋಲಿನ ಸಪ್ಪಳ. ಚನ್ನವ್ವ ತಂಬಿಗೆಯಲ್ಲಿ ಮಗನಿಗೆ ಬಿಸಿನೀರು ತಂದಿದ್ದಳು. ಕಿವಿ ಮಂದ ಎಂದು ಊರಿಗೆಲ್ಲ ಹೇಳಿಕೊಂಡವಳು, ಬೇಕಾದ ಮಾತು ಬಿಟ್ಟುಕೊಟ್ಟವಳಲ್ಲ.

"ಯಾಕ, ನಾ ಸತ್ತೇನೇನು? ಮೊದಲ ಒಳಗ ಹೋಗಿ ಹುಡುಗೀದು ಸಕ್ಕರಿ ಹಂಚು. ಬೀಗರಾದ ಮ್ಯಾಲ ಇದ ನಿನ್ನ ತವರಮನಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಸೊಲ್ಲಾಪುರದಿಂದ ಸೀದಾ ಬಾಗೇವಾಡಿಗೆ ಬಾ."

ಬಸಂತರಾಯ ಮುಖ ಒರೆಸಿಕೊಂಡು ಪಡಸಾಲೆಗೆ ಹೋಗಿ ಬಾಗಿಲಲ್ಲೇ ನಿಂತು, "ಸಕ್ಕರಿ ತರ್ರಿ" ಎಂದು ಕೂಗಿದ. ಜಯಮಾಲಾ ಸಕ್ಕರೆಯ ತಾಟನ್ನೇ ತಲೆಯ ಮೇಲೆ ಹೊತ್ತು ತಂದಳು. ಎಲ್ಲರ ಬಾಯಿಗೂ ಬಿತ್ತು. ಖಂಡೆಪ್ಪನ ಬಾಯಿಗೆ ದಾನೇಶ್ವರಿ ಎಣಿಸಿ ನಾಲ್ಕೇ ಕಾಳು ಹಾಕಿ, "ಅಗದು ತಿನ್ರಿ ಮಾಮಾ" ಅಂದಳು.

ಚನ್ನವ್ವ ನೆಲದ ಮೇಲಿನ ಕೌದಿ ಝಾಡಿಸಿ, ತುಪ್ಪದ ಕಲೆ ಬಿದ್ದಿದೆಯೋ ಎಂದು ತಿರುವಿ ನೋಡಿ, ಮಡಚಿ ಬಗಲಲ್ಲಿ ಇಟ್ಟುಕೊಂಡಳು. ಆಮೇಲೆ ಬಸಂತರಾಯನ ನಡುವಿನ ಸುತ್ತಳತೆಯನ್ನು ಕಣ್ಣಿನಲ್ಲೇ ಅಳೆದು ಸೊಸೆ ಸುನಂದಾಳಿಗೆ ಮೆಲ್ಲಗೆ ಹೇಳಿದಳು:

"ಈತಗ ಕಟ್ಟಾಕ ಒಂದು ಸೀರಿ ಸಾಲಂಗಿಲ್ಲ ನೋಡ. ಅಂಗಡ್ಯಾಗ ನಡುವಿನ ಕಪಾಟ ತಗಸು."